ಗೆರೆಯ ಮುಂದೆ ಕುಳಿತುಬಿಟ್ಟ ಮಗ

ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದ ನನ್ನ ಮಗ, ದಾಟಿದರೆ ಅಂಕ ಸಿಗುವ ಗೆರೆ ಎರಡು ಮಾರು ದೂರವಿರುವಾಗ ಮೊಣಕಾಲೂರಿ ಕುಳಿತುಬಿಟ್ಟ. ಅವನನ್ನು ತಡೆಯುವವರು ಯಾರೂ ಹತ್ತಿರವಿರಲಿಲ್ಲ.

ಅದು ಲಂಡನ್ನಿನ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್, ವರ್ಷದ ಕೊನೆಯ ಪಂದ್ಯ. ಶ್ರೇಷ್ಠ ಆಟಗಾರನ ಪ್ರಶಸ್ತಿಗೆ ಇವನೂ ಎದುರು ತಂಡದ ಓಟಗಾರನೂ ಸರಿಸಮ ಇದ್ದರು. ಇನ್ನೊಂದು ಸಲ ಗೆರೆ ದಾಟಿದರೆ ಪ್ರಶಸ್ತಿ ಇವನದೇ ಎಂದು ಪಕ್ಕದಲ್ಲಿ ನಿಂತವರೆಲ್ಲ ಹೇಳುತ್ತಿದ್ದರು. ಕಾಲು ಮುರಿಯಿತೇನೋ ಎಂದು ಹೆದರಿದೆ. ಅವನು ನೆಟ್ಟಗೆ ಎದ್ದು ನಿಂತಾಗ ಮಾತ್ರ ಸಿಟ್ಟು ನೆತ್ತಿಗೇರಿತು. ಆಟ ಮುಗಿದದ್ದೇ ತಡ, ಬೇಲಿಯ ಹತ್ತಿರ ಹೋದೆ.

"ಯಾಕ ಕುಂತ್ಯೋ?"

"ನಾವು ಒಂದ ಪಾಯಿಂಟ್ ಮುಂದ ಇದ್ವಿ. ಗೆರಿ ದಾಟಿದ್ರ ಪಾಯಿಂಟ್ ಬರ್ತಿತ್ತು ಖರೆ, ಆದ್ರ ಆಮ್ಯಾಲೆ ಬಾಲ್ ಅವರಿಗೆ ಸಿಗ್ತಿತ್ತವ್ವ, ಅವರೂ ಪಾಯಿಂಟ್ ಹೊಡೀಬಹುದಿತ್ತು. ಕುಂತಿದ್ದಕ್ಕ ಬಾಲ್ ನಮ್ಮ ಕಡೇನ ಉಳದು ಟೈಮ್ ಮುಗೀತು, ಟೀಮ್ ಗೆಲ್ತು."

ಪ್ರಶಸ್ತಿ ಬಂದರೆ ಹನುಮಪ್ಪನಿಗೆ ಕಾಯಿ ಒಡೆಯುವುದಾಗಿ ಹರಕೆ ಹೊತ್ತಿದ್ದೆ. ಮುಂದಿನ ವಾರ ಮನೆಯ ಫೋನಿಗೆ ಸುದ್ದಿ ಬಂತು, ಪ್ರಶಸ್ತಿ ಎದುರು ತಂಡದವನಿಗೆ ಹೋಗಿತ್ತು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಲಂಡನ್ನಿನ ಬಡಾವಣೆ ಕೆಂಟನ್‌ನಲ್ಲಿರುವ ನಮ್ಮ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಹನುಮಪ್ಪನ ಹೆಸರು ಹೇಳಿ ಆ ಹರಕೆಯ ಕಾಯಿ ಒಡೆದೆ.