ನಾನು ಅಳಿಸಿದ ಮೂರು ಸಾಲು

ಗಿರಿಜಕ್ಕ, ನಿಮ್ಮ ಹೆಸರನ್ನು ಅಳಿಸಿದವನು ನಾನು. ಕಂಪನಿಯಲ್ಲ — ನಾನು. ಯಾರೂ ಹೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಹತ್ತು ವರ್ಷದಿಂದ ನೀವು ನಂಬಿಕೊಂಡು ಬಂದಿರುವುದು ನಾನು ಹೇಳಿದ ಸುಳ್ಳನ್ನು.

ನಮ್ಮ ಪರಿಚಯವಾದದ್ದೇ ಜಗಳದಿಂದ, ನೆನಪಿದೆಯಾ? ನಾನು ತುಮಕೂರಿನ ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ಮಾಡುತ್ತಿದ್ದೆ. ನೀವು ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಿರಿ. ಕಣ್ಣು ಕಾಣದವರು ಕಂಪ್ಯೂಟರಿನ ಕಷ್ಟಸುಖ ಮಾತಾಡಿಕೊಳ್ಳುವ ಆನ್‌ಲೈನ್ ಗ್ರೂಪಿನಲ್ಲಿ ನನ್ನ ಸೈಟಿನ ಜನ್ಮ ಜಾಲಾಡಿದ್ದಿರಿ. "ಪರದೆ ಓದಿ ಹೇಳೋ ಸಾಫ್ಟ್‌ವೇರು ನಿಮ್ ಪುಟಕ್ಕೆ ಬಂದ್ರೆ ಬಟನ್, ಬಟನ್, ಬಟನ್ ಅಂತ ಜಪ ಮಾಡ್ತದೆ. ಯಾವ ಬಟನ್ ಏನು ಮಾಡುತ್ತೆ ಅಂತ ಕಣಿ ಕೇಳ್ಲಾ?" ಓದಿ ಮೈಯೆಲ್ಲ ಉರಿದುಹೋಯಿತು. ಜವಾಬು ಬರೆಯಲು ಕೂತವನು, ಹಾಳಾಗಿ ಹೋಗಲಿ ಎಂದು ಒಮ್ಮೆ ಆ ಸಾಫ್ಟ್‌ವೇರ್ ಹಾಕಿ, ಕಣ್ಣು ಮುಚ್ಚಿ ನನ್ನ ಪುಟವನ್ನು ಕೇಳಿಸಿಕೊಂಡೆ. ನೀವು ಹೇಳಿದ್ದೇ ನಿಜ. ಮುಂದಿನ ಭಾನುವಾರವೇ ಗುಬ್ಬಿಯ ರೈಲು ಹತ್ತಿದೆ.

ಆ ಭಾನುವಾರಗಳು! ನಿಮ್ಮ ಅಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು. ನಿಮ್ಮ ಕಂಪ್ಯೂಟರು ನನಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಬಡಬಡಿಸುತ್ತಿತ್ತು, ನೀವು ಅದನ್ನು ಕೇಳುತ್ತಲೇ ನನ್ನನ್ನೂ ರೇಗಿಸುತ್ತಿದ್ದಿರಿ. ಹೆಸರಿಲ್ಲದ ಬಟನ್‌ಗಳಿಗೆಲ್ಲ ಕನ್ನಡದಲ್ಲಿ ಹೆಸರು ಕೊಡುವ ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದಿರಿ — ಪುಸ್ತಕ ಕೇಳಿಸಿಕೊಂಡು ನೀವೇ ಕಲಿತ ವಿದ್ಯೆ. ನಿಮ್ಮ ವಿಧಾನವೂ ನಿಮ್ಮದೇ. ಗೊತ್ತಿಲ್ಲದ ಬಟನ್ ಒತ್ತುವುದು, ಏನಾಗುತ್ತದೋ ನೋಡುವುದು, ಆಮೇಲೆ ಹೆಸರಿಡುವುದು. ಹಾಗೆ ಒತ್ತಿಯೇ ಒಮ್ಮೆ ಮುಕ್ಕಾಲು ಗಂಟೆ ಕೂತು ತುಂಬಿದ್ದ ಅರ್ಜಿಯೆಲ್ಲ ಅಳಿಸಿಹೋಯಿತು. ನೀವು ಬೈದುಕೊಂಡಿರಿ, ನಕ್ಕಿರಿ, ಆ ಬಟನ್‌ಗೆ ಹೆಸರಿಟ್ಟಿರಿ: "ಮುಟ್ಟಬೇಡಿ, ತುಂಬಿದ್ದೆಲ್ಲಾ ನೀರುಪಾಲು."

ನಾನು ಮಾಡಿದ್ದೇನು? ಸಣ್ಣಪುಟ್ಟ ತಪ್ಪು ತಿದ್ದಿದೆ, ಅವರೆಕಾಳು ಉಪ್ಪಿಟ್ಟು ತಿಂದೆ. ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಆ ಹಜಾರವೇ ಕಣ್ಣಿಗೆ ಬರುತ್ತದೆ.

ಆ ಪ್ರೋಗ್ರಾಮಿನ ಕೋಡಿನ ಶುರುವಿನಲ್ಲಿ ನೀವು ಮೂರು ಸಾಲು ಬರೆದಿದ್ದಿರಿ. ಬರೆದವರು ಗಿರಿಜಾ, ಗುಬ್ಬಿ. ಯಾರು ಬೇಕಾದರೂ ಬಳಸಿ, ತಿದ್ದಿ, ತಿದ್ದಿದ್ದನ್ನು ಎಲ್ಲರಿಗೂ ಕೊಡಿ. ಹೆಸರು ಮಾತ್ರ ತೆಗೆಯಬೇಡಿ. ಅದೇ ನಿಮ್ಮ ಲೈಸೆನ್ಸು. ಅರೆಬರೆಯಾಗಿದ್ದಾಗಲೇ ಗ್ರೂಪಿನ ಕೆಲವರಿಗೆ ಬಳಸಿ ನೋಡಲು ಕೊಟ್ಟಿದ್ದಿರಿ.

ಒಂದು ದಿನ ಆಫೀಸಿನಲ್ಲಿ ಅದನ್ನು ತೋರಿಸಿದೆ. ಯಜಮಾನರು ಬೆರಗಾಗಿ ನೋಡಿ, "ಯಾರಯ್ಯಾ ಮಾಡಿದ್ದು ಇದನ್ನ?" ಎಂದರು. ನಿಮ್ಮ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ —

"ನಾನೇ ಸಾರ್."

ಯಾಕೆ ಹಾಗಂದೆ? ಅಲ್ಲಿಯವರೆಗೆ ಆ ಆಫೀಸಿನಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಇಷ್ಟೇ ಕಾರಣ. ಸಂಜೆ ಎಲ್ಲರೂ ಹೋದ ಮೇಲೆ ಆ ಮೂರು ಸಾಲು ತೆಗೆದು ನನ್ನ ಹೆಸರು ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ಅದು ಕಂಪನಿಯ ಸರಕಾಯಿತು. ಕೋಡು ಯಾರಿಗೂ ಕಾಣದಂತೆ ಮುಚ್ಚಿಯೂ ಆಯಿತು.

ಸಿಕ್ಕಿಬಿದ್ದದ್ದು ಕುಣಿಗಲ್‌ನ ಮಂಜುನಾಥ್ ಮೇಷ್ಟ್ರ ಕೈಗೆ. ಅವರಿಗೂ ಕಣ್ಣು ಕಾಣದು. ಹೊಸ ಸಾಫ್ಟ್‌ವೇರ್ ಹಾಕಿಕೊಂಡ ದಿನವೇ ಗ್ರೂಪಿನಲ್ಲಿ ಬರೆದರು: "ಇದು 'ತುಂಬಿದ್ದೆಲ್ಲಾ ನೀರುಪಾಲು' ಅಂತದಲ್ಲಾ ಸಾರ್. ನಮ್ ಗಿರಿಜಕ್ಕನ ಮಾತಲ್ವಾ ಇದು?" ಕಣ್ಣಿಗೆ ಕಾಣುವ ಹೆಸರನ್ನು ಅಳಿಸಿದ್ದೆ. ನೀವು ಬಟನ್‌ಗಳಿಗೆ ಇಟ್ಟ ಹೆಸರುಗಳು ಒಳಗೇ ಉಳಿದಿದ್ದವು, ಅಳಿಸುವ ಮುಂಚೆ ಅವನ್ನು ಒಮ್ಮೆಯೂ ಕೂತು ಕೇಳಿರಲಿಲ್ಲ. ನಿಮ್ಮ ಪಕ್ಕದಲ್ಲಿ ಅಷ್ಟು ಭಾನುವಾರ ಕೂತೂ ನಾನು ಕಲಿತದ್ದು ಅಷ್ಟೇ.

ಆಗಲಾದರೂ ಒಪ್ಪಿಕೊಳ್ಳಬಹುದಿತ್ತು. ಬರೆದದ್ದು ಹೀಗೆ: "ಕೋಡ್ ಪೂರ್ತಿ ನನ್ನದು. ಗಿರಿಜಾ ಮೇಡಂ ಪರೀಕ್ಷೆ ಮಾಡಿಕೊಟ್ಟಿದ್ದರು, ಅಷ್ಟೆ."

ಅರ್ಧ ಗಂಟೆಗೆ ನಿಮ್ಮ ಫೋನ್ ಬಂತು. "ಏನಪ್ಪಾ, ನಾನ್ ಯಾವಾಗ ಮೇಡಂ ಆದೆ ನಿಂಗೆ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ನಿಜ ಹೇಳಿ ಉಳಿದುಕೊಳ್ಳುತ್ತಿದ್ದೆನೋ ಏನೋ. ಬಾಯಿಗೆ ಬಂದದ್ದು ಹೇಳಿಬಿಟ್ಟೆ — "ಕಂಪನಿಯವ್ರು ಹಂಗೇ ಬರೀಬೇಕು ಅಂದ್ರು ಅಕ್ಕ. ಇಲ್ದಿದ್ರೆ ಕೆಲಸ ಹೋಗುತ್ತೆ."

ನೀವು, "ಅಂಗಾದ್ರೆ ಬುಡು. ಮಂಜುನಾಥಂಗೆ ನಾನ್ ಹೇಳ್ತೀನಿ. ನೀನು ಕೆಲಸಕ್ಕೆ ಕುತ್ತು ತಂದ್ಕೋಬೇಡ. ಊಟ ಆಯ್ತಾ?" ಎಂದಿರಿ.

ಊಟ ಆಯಿತು ಎಂದೆ. ಅದೂ ಸುಳ್ಳೇ.

ಆಮೇಲೆ ನೀವು ಗ್ರೂಪಿನಲ್ಲಿ ಆ ಮಾತೆತ್ತಲಿಲ್ಲ, ನಾನು ಗುಬ್ಬಿಗೆ ಬರಲಿಲ್ಲ. ಕಂಪನಿಯದೇ ಇದೆಯಲ್ಲ ಎಂದು ಜನ ಅದಕ್ಕೇ ಹೋದರು, ನೀವು ನಿಮ್ಮದನ್ನು ಮುಂದುವರಿಸುವುದನ್ನು ಬಿಟ್ಟಿರಿ. ಎರಡು ವರ್ಷಕ್ಕೆ ಕಂಪನಿಗೂ ಅದು ಬೇಡವಾಗಿ ಮೂಲೆಗೆ ಬಿತ್ತು. "ಮತ್ತೆ ಬಟನ್ ಬಟನ್ ಶುರುವಾಯ್ತು" ಎಂದು ಮಂಜುನಾಥ್ ಮೇಷ್ಟ್ರು ಬರೆದದ್ದನ್ನು ಓದಿದೆ. ಓದಿ ಕಂಪ್ಯೂಟರ್ ಮುಚ್ಚಿದೆ. ಎಷ್ಟು ಜನರ ಕೈಯಿಂದ ಏನು ಕಿತ್ತುಕೊಂಡೆ ಎಂದು ಲೆಕ್ಕ ಹಾಕುವ ಧೈರ್ಯ ಇವತ್ತಿಗೂ ಬಂದಿಲ್ಲ.

ಇಷ್ಟು ವರ್ಷ ಮುಚ್ಚಿಟ್ಟವನಿಗೆ ಈಗೇನು ಬಂತು ಎನ್ನುತ್ತೀರೇನೋ. ಕಳೆದ ವಾರ ಗ್ರೂಪಿನಲ್ಲಿ ಲೈಸೆನ್ಸಿನ ಮಾತು ಬಂದು ಯಾರೋ ಆ ಹಳೆಯ ಚರ್ಚೆಯನ್ನು ಕೆದಕಿದರು, ನನ್ನನ್ನು ಕಳ್ಳ ಎಂದರು. ನಾನು ಉಸಿರೆತ್ತಲಿಲ್ಲ. ಉತ್ತರ ಕೊಟ್ಟವರು ನೀವು. "ಅವನನ್ನ ಅನ್ಬೇಡಿ. ಅವನ ಕೈ ಕಟ್ಟಿಹಾಕಿದ್ರು. ಒಳ್ಳೇ ಹುಡುಗ ಅವನು." ಹತ್ತು ವರ್ಷ ಆದ ಮೇಲೂ, ಅಕ್ಕ!

ಅಂದಿನಿಂದ ಅನ್ನ ಇಳಿಯುತ್ತಿಲ್ಲ. ನಿಮ್ಮ ಮೂಲ ಕೋಡು ನನ್ನ ಹತ್ತಿರ ಇದೆ, ಮೂರು ಸಾಲಿನ ಸಮೇತ. ಅದು ಹಳತಾಗಿದೆ, ಈಗಿನ ಸೈಟುಗಳಿಗೆ ಒಗ್ಗುವಂತೆ ಮಾಡಲು ತಿಂಗಳುಗಟ್ಟಲೆ ಬೇಕು. ಮಾಡುತ್ತೇನೆ. ಇದರಿಂದ ಆದದ್ದು ಆಗದೆ ಹೋಗುವುದಿಲ್ಲ, ಗೊತ್ತು.

ನಾಳೆ ಭಾನುವಾರ. ಗುಬ್ಬಿಗೆ ಬರುತ್ತೇನೆ. ಈ ಪತ್ರವನ್ನು ನಿಮಗೆ ಸಾಫ್ಟ್‌ವೇರ್ ಓದಿ ಹೇಳಬಾರದು, ನಾನೇ ನಿಮ್ಮೆದುರು ಕೂತು ಓದಬೇಕು. ಆಮೇಲೆ ಒಂದಕ್ಷರ ಬಿಡದೆ ಗ್ರೂಪಿನಲ್ಲಿ ಹಾಕುತ್ತೇನೆ. ಹಾಕಬೇಡ, ನಿನ್ನ ಮಾನ ಯಾಕೆ ಕಳ್ಕೋತೀಯ ಎಂದೇ ನೀವು ಅನ್ನುತ್ತೀರಿ. ಈ ಒಂದು ಸಲ ನಿಮ್ಮ ಮಾತು ಕೇಳುವುದಿಲ್ಲ.