ಓಬವ್ವನಿಗೆ ಸಿಕ್ಕ ಒಂದು ಗಂಟೆ

ಗುತ್ತೂರಿನ ಗುತ್ತೆಪ್ಪ, ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮುಂದೆ ಇಪ್ಪತ್ತೆರಡು ವರ್ಷ ಕಳೆದವನು. ಹೆಂಡತಿ ಓಬವ್ವನ ಥೈರಾಯ್ಡಿಗೆ ಹರಿಹರದ ಡಾಕ್ಟರೇ ಗತಿ. ಅವರು ರಿಪೋರ್ಟ್ ನೋಡಿ, ಚೀಟಿ ಬರೆದು, ಎರಡು ನಿಮಿಷದಲ್ಲಿ ಕಳಿಸುತ್ತಿದ್ದರು. ಡೆಂಗಿ ಬಂದಾಗ ಅವಳನ್ನು ಉಳಿಸಿದವರೂ ಅವರೇ. ಆದರೆ ಎಷ್ಟು ಮಾತ್ರೆ ನುಂಗಿದರೂ ಓಬವ್ವನ ಸುಸ್ತು, ಹೊಟ್ಟೆಯುಬ್ಬರ ಹೋಗಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಫಂಕ್ಷನಲ್ ಮೆಡಿಸಿನ್ ನೋಡುವ ಡಾಕ್ಟರ್ ರಶ್ಮಿತಾ ಇದ್ದಾರೆಂದು ಪಕ್ಕದ ಮನೆಯ ಚೈತ್ರಾ ಹೇಳಿದ ಮೇಲೆ, ಗಂಡ ಹೆಂಡತಿ ಬಸ್ಸು ಹತ್ತಿದರು.

ರಶ್ಮಿತಾ ಸ್ಟೆತಾಸ್ಕೋಪ್ ಮುಟ್ಟುವ ಮೊದಲೇ ಕೇಳಿದರು, "ರಾತ್ರಿ ಎಷ್ಟೊತ್ತಿಗೆ ಉಣ್ತೀರಿ?"

"ಇವರು ಎರಡನೇ ಪಾಳಿ ಮುಗಿಸಿ ಬಂದ ಮ್ಯಾಲೆ ರೀ. ಹನ್ನೆರಡು ಆಗ್ತೈತೆ."

"ನಿದ್ದೆ?"

"ಅಪ್ಪ ಸತ್ತಾಗಿಂದ ಮೂರಕ್ಕೇ ಎಚ್ಚರಾಗ್ತೈತ್ರಿ. ಆಮ್ಯಾಲೆ ಗೋಡೆ ನೋಡ್ಕಂತ ಮಲಗಿರ್ತೀನಿ."

ಮಾವ ಸತ್ತು ಆರು ವರ್ಷ. ಅದೇ ಮಂಚದಲ್ಲಿ ಮಲಗುವ ಗುತ್ತೆಪ್ಪನಿಗೆ ಇದು ಗೊತ್ತೇ ಇರಲಿಲ್ಲ.

"ಹರಿಹರದ ಡಾಕ್ಟರು ರೋಗಕ್ಕೆ ಕೊಟ್ಟ ಮಾತ್ರೆ ಸರಿ ಐತೆ, ಅದನ್ನ ಬಿಡಬ್ಯಾಡ್ರಿ," ಎಂದರು ರಶ್ಮಿತಾ. "ನಾನು ಊಟ, ನಿದ್ದೆ, ಚಿಂತೆ ಎಲ್ಲಾ ನೋಡಿ, ಈ ಸುಸ್ತು ಎಲ್ಲಿಂದ ಶುರುವಾತು ಅಂತ ಹುಡುಕ್ತೀನಿ. ಅದಕ್ಕೆ ಟೈಮ್ ಹಿಡಿತೈತೆ."

ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಓಬವ್ವ ಮಾತಾಡಿದಳು. ತನ್ನ ಮುಂದೆ ಅವಳು ಇಷ್ಟು ಮಾತಾಡಿದ್ದೇ ಇಲ್ಲವಲ್ಲ ಎಂದು ಗುತ್ತೆಪ್ಪ ಗಡಿಯಾರ ನೋಡುತ್ತ ಕುಳಿತ. ಡಾಕ್ಟರು ಗಂಡಸಾಗಿದ್ದರೆ ಜಗಳಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಮುಂದಿನ ಸಲ ಓಬವ್ವನನ್ನು ಕೇಳಿದ್ದಕ್ಕೆಲ್ಲ ಅವನೇ ಮುಂದಾಗಿ ಉತ್ತರ ಕೊಡತೊಡಗಿದ. "ನೀವು ಸ್ವಲ್ಪ ಹೊರಗ ಕೂಡ್ರಿ," ಎಂದುಬಿಟ್ಟರು ರಶ್ಮಿತಾ. ಬಾಗಿಲಾಚೆಯಿಂದ ಓಬವ್ವನ ನಗು ಕೇಳಿಸಿತು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೋ!

ಬಸ್ಸಿನಲ್ಲಿ ಕೇಳಿದ, "ಒಳಗ ಏನು ಹೇಳಿದಿ?"

"ಅವರು ಕೇಳಿದ್ದು."

"ನನಗೂ ಹೇಳಬಹುದಿತ್ತಲ್ಲ."

"ನೀವು ಯಾವತ್ತರ ಕೇಳೀರಾ?"

ಗುತ್ತೆಪ್ಪ ಟಿಕೆಟ್ಟಿಗೆಂದು ಕಂಡಕ್ಟರನನ್ನು ಕರೆದ.

ವಾರ ಕಳೆದ ಮೇಲೆ ಅವನೊಬ್ಬನೇ ಹೋಗಿ ಅದೇ ಕುರ್ಚಿಯಲ್ಲಿ ಕುಳಿತ. "ಎದೆ ಉರಿ ರೀ."

"ಯಾವಾಗಿಂದ?"

"ಅವಳು ನಿಮ್ಮ ಹತ್ರ ಬರಾಕ ಹತ್ತಿದಾಗಿಂದ." ಬಾಯಿ ಜಾರಿತ್ತು.

ರಶ್ಮಿತಾ ನಗಲಿಲ್ಲ. "ಈ ಉರಿ ಓಬವ್ವಗೆ ಗೊತ್ತೈತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವರು ಬಿಪಿ ನೋಡಿ, ಎದೆಯ ಇಸಿಜಿ ಮಾಡಿಸಿ, ಏನೂ ಇಲ್ಲವೆಂದು ಕಳಿಸಿದರು.

ಅಂದಿನಿಂದ ಎರಡನೇ ಪಾಳಿಯಿದ್ದಾಗ ರಾತ್ರಿ ಎಂಟಕ್ಕೆ, ರಶ್ಮಿತಾ ಓಬವ್ವನಿಗೆ ಗೊತ್ತುಮಾಡಿದ್ದ ಊಟದ ಹೊತ್ತಿಗೆ, ಕ್ಯಾಂಟೀನಿನಿಂದ ಫೋನ್ ಮಾಡುತ್ತಿದ್ದ. "ಉಂಡ್ಯಾ?" ಮೊದಮೊದಲು "ಹ್ಞೂಂ" ಅಷ್ಟೇ. ಆಮೇಲೆ ಏನು ಉಂಡಳೆಂಬುದನ್ನೂ ಅವಳೇ ಹೇಳತೊಡಗಿದಳು. ನಾಲ್ಕು ತಿಂಗಳಲ್ಲಿ ಓಬವ್ವನ ಹೊಟ್ಟೆ ಹಗುರಾಯಿತು, ನಿದ್ದೆ ಐದರವರೆಗೆ ಬಂತು; ಥೈರಾಯ್ಡಿನ ಮಾತ್ರೆ ಮಾತ್ರ ಹಾಗೇ ಉಳಿಯಿತು.

ಆದರೂ ನಿಟ್ಟುವಳ್ಳಿಗೆ ಹೋಗುವ ದಿನ ಅವಳು ಬೆಳಿಗ್ಗೆಯಿಂದಲೇ ಡಾಕ್ಟರಮ್ಮನಿಗೆ ಹೇಳಬೇಕಾದ್ದನ್ನೆಲ್ಲ ಒಬ್ಬಳೇ ಗೊಣಗಿಕೊಳ್ಳುತ್ತಿದ್ದಳು. ಗುತ್ತೆಪ್ಪ ಹಲ್ಲು ಕಚ್ಚಿಕೊಂಡು ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದ.