ನಾಲ್ಕರಲ್ಲಿ ಒಂದು ದೊಡ್ಡದಾದ ದಿನ

ಮೊನ್ನೆ ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಒಳಗೆ ಯಾರೋ ಮಂಡಕ್ಕಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಹಳೆಯ ಶಾಲೆಯೊಂದರ ಸ್ಟಾಫ್ ರೂಮು ಕಣ್ಣೆದುರು ಬಂತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸ್ಟೀಲ್ ಡಬ್ಬಿ ತೆರೆದು, ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ಖಾರ ಮಂಡಕ್ಕಿಯನ್ನು ನಾಲ್ಕು ಗುಡ್ಡೆ ಮಾಡುತ್ತಿದ್ದ ಗಣಿತದ ಮೇಡಂ…

ನಾನು ಆಗ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಶಿವಮೊಗ್ಗದ ವಿದ್ಯಾನಗರದ ಬಾಡಿಗೆ ರೂಮಿನಿಂದ ದಿನಾ ಹೋಗಿ ಬರುತ್ತಿದ್ದೆ. ಮೇಡಂ ಆ ಶಾಲೆಯಲ್ಲೇ ಕೂದಲು ನರೆಸಿಕೊಂಡವರು. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ. ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಮಾತ್ರ ತಮ್ಮನ್ನು ತಾವೇ ದಖ್ಖನಿಯಲ್ಲಿ ಬೈದುಕೊಳ್ಳುತ್ತಿದ್ದರು.

ಶನಿವಾರದ ಆ ಕೂಟ ಅವರೇ ಹುಟ್ಟುಹಾಕಿದ್ದು. ನಾವು ನಾಲ್ವರು ಶಿಕ್ಷಕರು ಕೂತು ಒಂದು ಪಾಠವನ್ನು ಒಟ್ಟಿಗೆ ತಯಾರಿಸಬೇಕು. ಮುಂದಿನ ಶನಿವಾರ ಉಳಿದ ಮಕ್ಕಳೆಲ್ಲ ಮೈದಾನದಲ್ಲಿ ಕವಾಯತು ಮಾಡುವ ಹೊತ್ತಿಗೆ ಒಬ್ಬರು ಆ ಪಾಠ ಮಾಡಬೇಕು, ಮೂವರು ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂರಬೇಕು. ನೋಡಬೇಕಾದದ್ದು ಪಾಠ ಮಾಡುವವರನ್ನಲ್ಲ. ಒಬ್ಬೊಬ್ಬರೂ ಒಂದೊಂದು ಮಗುವನ್ನು ಆರಿಸಿಕೊಂಡು, ಅದು ಎಲ್ಲಿ ತಡವರಿಸಿತು, ಏನು ಬರೆದು ಅಳಿಸಿತು ಎಂದು ಗುರುತು ಮಾಡಿಕೊಳ್ಳಬೇಕು. ತಯಾರಿ ಶುರುವಾಗುತ್ತಿದ್ದದ್ದೂ ವಿಚಿತ್ರವಾಗಿಯೇ. “ಮೊದ್ಲು ಮಕ್ಳು ಏನೇನು ತಪ್ಪು ಹೇಳ್ತಾರೆ ಅಂತ ಹೇಳಿ. ಸರಿ ಉತ್ತರ ಪುಸ್ತಕದಲ್ಲೇ ಇದೆ,” ಎನ್ನುತ್ತಿದ್ದರು.

ಭಿನ್ನರಾಶಿಯ ಪಾಠ ನನ್ನ ಪಾಲಿಗೆ ಬಂತು. ಮೂರರಲ್ಲಿ ಒಂದು ದೊಡ್ಡದೋ, ನಾಲ್ಕರಲ್ಲಿ ಒಂದು ದೊಡ್ಡದೋ? ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಹಾಗಾಗಿ ಮಕ್ಕಳು ನಾಲ್ಕರಲ್ಲಿ ಒಂದನ್ನೇ ಹೇಳುತ್ತಾರೆ ಎಂದು ನಾವೇ ಪಟ್ಟಿ ಮಾಡಿಕೊಂಡಿದ್ದೆವು. ಆದರೆ ಮೂವರು ಹಿರಿಯರ ಎದುರು ಮಕ್ಕಳು ಹಾಗೆ ಹೇಳಿದರೆ ನನ್ನ ಮರ್ಯಾದೆ ಏನಾಗಬೇಕು? ನನಗೆ ಪಾಠ ಮಾಡಲು ಬರುವುದಿಲ್ಲ ಎಂಬ ಗುಟ್ಟು ಬಯಲಾಗಿಬಿಡುತ್ತದೆಂಬ ಭಯ. ಶುಕ್ರವಾರವೇ ಆ ಇಡೀ ಪಾಠವನ್ನು ತರಗತಿಯಲ್ಲಿ ಎರಡು ಸಲ ಮಾಡಿ, ಪ್ರಶ್ನೆ, ಉತ್ತರ ಎರಡನ್ನೂ ಬಾಯಿಪಾಠ ಮಾಡಿಸಿದೆ.

ಶನಿವಾರ ಪಾಠ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಒಂದೇ ಒಂದು ತಪ್ಪು ಉತ್ತರವಿಲ್ಲ. ಮೇಡಂ ಪಕ್ಕದಲ್ಲಿ ಕೂತಿದ್ದ ಹುಡುಗಿಯಂತೂ ನಾನು ಪ್ರಶ್ನೆ ಕೇಳುವ ಮೊದಲೇ ಸ್ಲೇಟಿನ ಮೇಲೆ ಉತ್ತರ ಬರೆದು ಕೂತಿದ್ದಳಂತೆ… ಇದನ್ನು ಆಮೇಲೆ ಮಕ್ಕಳೇ ನನಗೆ ಹೇಳಿದರು. ಇಬ್ಬರು ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಮೇಡಂ ನೋಟ್‌ಬುಕ್ ಮುಚ್ಚಿದರು.

“ಪಾಠ ಚೆನ್ನಾಗಿತ್ತು ಸಾರ್. ನನ್ನ ಪುಸ್ತಕ ಮಾತ್ರ ಖಾಲಿ.”

ಅಷ್ಟೇ. ಬೈಯಲಿಲ್ಲ, ಕೆದಕಲಿಲ್ಲ. ಮಂಡಕ್ಕಿ ಹಂಚುವಾಗ, ಮುಂದಿನ ವಾರ ಇದೇ ಪಾಠವನ್ನು ಬೇರೆ ಸೆಕ್ಷನ್‌ಗೆ ತಾವು ಮಾಡುವುದಾಗಿ ಹೇಳಿದರು.

ಆ ಶನಿವಾರ ಅವರು ಕಾಗದದ ರೊಟ್ಟಿಗಳನ್ನು ಕತ್ತರಿಸಿ ತಂದಿದ್ದರು. ಒಂದನ್ನು ಮೂರು ಭಾಗ ಮಾಡಿಸಿದರು, ಇನ್ನೊಂದನ್ನು ನಾಲ್ಕು. ಹುಡುಗನೊಬ್ಬ ಎರಡೂ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕೂಗಿದ: “ಮಿಸ್, ನಾಲ್ಕರಲ್ಲಿ ಒಂದೇ ದೊಡ್ಡದು ನೋಡಿ!” ನಿಜವಾಗಿಯೂ ದೊಡ್ಡದಿತ್ತು. ತರಗತಿಯಲ್ಲಿ ಗದ್ದಲ. ಮೇಡಂ ಎರಡು ತುಂಡುಗಳನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು, ಹಿಂದಿನ ಬೆಂಚಿನ ಕಡೆ ನೋಡಿದರು, ಆಮೇಲೆ ನಕ್ಕುಬಿಟ್ಟರು. “ನಂಗೂ ತಿಳೀತಿಲ್ಲ ಮಾರಾಯ್ರೆ. ಯಾರಾದ್ರೂ ಹೇಳ್ರಪ್ಪಾ.” ಮೂಲೆಯಿಂದ ಒಂದು ಸಣ್ಣ ದನಿ ಬಂತು: “ರೊಟ್ಟಿಗಳೇ ಬೇರೆ ಬೇರೆ ಸೈಜು ಅಲ್ವಾ ಮಿಸ್?” ಅವತ್ತು ನಮ್ಮ ಮೂವರ ನೋಟ್‌ಬುಕ್ಕೂ ತುಂಬಿತು. ಎರಡು ಇಡೀ ವಸ್ತುಗಳು ಒಂದೇ ಅಳತೆಯವಾಗಿದ್ದರೆ ಮಾತ್ರ ಅವುಗಳ ಭಾಗಗಳನ್ನು ಹೋಲಿಸಬಹುದು ಎಂಬುದನ್ನು ನಾನೂ ಅವತ್ತೇ ಸರಿಯಾಗಿ ತಿಳಿದುಕೊಂಡೆ ಎಂದರೆ ನಂಬುತ್ತೀರೋ ಇಲ್ಲವೋ.

ಅಂದಿನಿಂದ ನನ್ನನ್ನು ಕೊರೆಯುತ್ತಾ ಬಂದದ್ದು ಒಂದೇ ಪ್ರಶ್ನೆ. ಸ್ಕೇಲಿಲ್ಲದೆ ಗೆರೆ ಎಳೆಯದ ಮೇಡಂ ಎರಡು ಅಳತೆಯ ರೊಟ್ಟಿ ಹೇಗೆ ಕತ್ತರಿಸಿದರು? ಅವತ್ತು ತಮ್ಮನ್ನು ಬೈದುಕೊಳ್ಳಲೂ ಇಲ್ಲವಲ್ಲ. ತಪ್ಪಿಗೆ ಹೆದರಬೇಕಿಲ್ಲ ಎಂದು ನನಗೆ ತೋರಿಸಲು ಬೇಕಂತಲೇ ತಪ್ಪಿದರೇ? ಕೇಳಬೇಕೆಂದರೆ ಮೊದಲು ನನ್ನ ಶುಕ್ರವಾರದ ಕಥೆ ಒಪ್ಪಿಕೊಳ್ಳಬೇಕು. ಮುಂದಿನ ಶನಿವಾರ, ಮುಂದಿನ ಶನಿವಾರ ಎನ್ನುತ್ತಲೇ ಶಿವಮೊಗ್ಗಕ್ಕೆ ವರ್ಗವಾಯಿತು. ಅವರು ನಿವೃತ್ತರಾದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಈಗ ನಮ್ಮ ಶಾಲೆಯಲ್ಲೂ ಶನಿವಾರ ನಾಲ್ವರು ಕೂರುತ್ತೇವೆ. ಹೋದ ತಿಂಗಳು, ಹೊಸದಾಗಿ ಸೇರಿದ ಮೇಡಂ ಒಬ್ಬರ ಪಾಠ ಒಂದೂ ತಪ್ಪಿಲ್ಲದೆ ಮುಗಿಯಿತು. ನನ್ನ ಪುಟ ಖಾಲಿ ಉಳಿಯಿತು. ಮರುವಾರ ಅದೇ ಪಾಠ ನಾನು ಮಾಡುತ್ತೇನೆ ಎಂದೆ. ಎಲ್ಲಿ ಎಡವಬೇಕೆಂದು ಜಾಗವನ್ನೂ ಗುರುತು ಮಾಡಿಕೊಂಡು ಹೋಗಿದ್ದೆ. ಆ ಜಾಗ ಬರುವ ಮೊದಲೇ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ಐದನ್ನ ಅರ್ಧದಿಂದ ಭಾಗಿಸಿದ್ರೆ ಹತ್ತು ಹೇಗೆ? ಭಾಗ ಮಾಡಿದ್ರೆ ಕಡ್ಮೆ ಆಗ್ಬೇಕಲ್ವಾ?” ಸೂತ್ರ ಗೊತ್ತಿತ್ತು, ಕಾರಣ ಹೊಳೆಯಲಿಲ್ಲ. ಇಷ್ಟು ವರ್ಷ ಕಲಿಸಿದ ಲೆಕ್ಕದ ಮುಂದೆ ಪೆದ್ದು ಪೆದ್ದಾಗಿ ನಕ್ಕೆ.

ಶಾಲೆ ಬಿಟ್ಟ ಮೇಲೆ ಹೊಸ ಮೇಡಂ ಬಾಗಿಲ ಬಳಿ ನಿಂತಿದ್ದರು. “ಸಾರ್, ಹೋದ ವಾರ ನಾನು ಮಕ್ಳಿಗೆ ಮೊದ್ಲೇ ಹೇಳ್ಕೊಟ್ಟಿದ್ದೆ,” ಎಂದರು. “ನೀವು ಇವತ್ತು ಬೇಕಂತಲೇ ತಪ್ಪಿದ್ರಾ?” ಎಂದೂ ಕೇಳಿದರು.

“ಇಲ್ಲಮ್ಮ. ನಿಜವಾಗ್ಲೂ ಗೊತ್ತಾಗ್ಲಿಲ್ಲ,” ಎಂದೆ.

ಅವರು ಹಗುರಾಗಿ ಹೊರಟುಹೋದರು. ಕೇಳುವುದು ಇಷ್ಟು ಸುಲಭವಿತ್ತು. ನಾನು ಮಾತ್ರ ಕೇಳದೆ ಉಳಿದೆ.